ಮನೆಯ ಕಾರು ಮೊದಲ ಬಾರಿಗೆ ರೇಸ್ ಟ್ರ್ಯಾಕಿಗೆ ಹೊರಟಾಗ

ದಿನನಿತ್ಯ ಓಡಿಸುವ ಕಾರನ್ನೇ ಟ್ರ್ಯಾಕ್ ಡೇಗೆ ಒಯ್ಯಬಹುದೇ, ಅದಕ್ಕೆ ಏನೇನು ಸಿದ್ಧತೆ ಬೇಕು ಎಂದು ಬಳಗದ ಕಿರಿಯ ಸದಸ್ಯರು ಕೇಳುತ್ತಿರುತ್ತಾರೆ. ಒಯ್ಯಬಹುದು. ಟ್ರ್ಯಾಕ್ ಡೇ ಎಂದರೆ ಸ್ಪರ್ಧೆಯಲ್ಲ. ಅಲ್ಲಿ ಬಹುಮಾನವಿಲ್ಲ, ಗೆದ್ದವರೂ ಸೋತವರೂ ಇಲ್ಲ. ಶುಲ್ಕ ಕಟ್ಟಿ, ಎದುರಿನಿಂದ ವಾಹನ ಬಾರದ ರೇಸ್ ಟ್ರ್ಯಾಕಿನಲ್ಲಿ ಸುಮಾರು ಹದಿನೈದು ಇಪ್ಪತ್ತು ನಿಮಿಷಗಳ ಸರದಿಗಳಲ್ಲಿ ನಮ್ಮ ಕಾರನ್ನು ನಾವೇ ಓಡಿಸುವುದು, ಅಷ್ಟೇ.

ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಮನೆಯಲ್ಲಿರುವುದು ಒಂದೇ ಕಾರು. ಭಾನುವಾರ ಟ್ರ್ಯಾಕಿಗೆ ಹೋದ ಕಾರೇ ಸೋಮವಾರ ಮಕ್ಕಳನ್ನು ಶಾಲೆಗೆ ಬಿಡಬೇಕು, ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಹಾಗಾಗಿ ಕಾರನ್ನು ವೇಗವಾಗಿ ಓಡಿಸುವ ಬಗೆಯನ್ನು ನಾವು ಇಲ್ಲಿ ಹೇಳುತ್ತಿಲ್ಲ. ಹೋದ ಕಾರು ಹೋದಂತೆಯೇ ಮನೆಗೆ ಮರಳಲು ಏನು ಮಾಡಬೇಕು ಎಂಬುದನ್ನಷ್ಟೇ ಹೇಳುತ್ತೇವೆ.

ಹತ್ತಿರದ ಟ್ರ್ಯಾಕುಗಳು

ಹೊಸೂರಿನವರಿಗೆ ಕೃಷ್ಣಗಿರಿ, ವೇಲೂರು ದಾರಿಯಾಗಿ ಚೆನ್ನೈ ಕಡೆಗೆ ಹೋದರೆ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಸಿಗುತ್ತದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಈ ಟ್ರ್ಯಾಕ್ 1990ರಲ್ಲಿ ಆರಂಭವಾಯಿತು. ಒಂದು ಸುತ್ತು ಸುಮಾರು 3.7 ಕಿ.ಮೀ. ತಾಳವಾಡಿ ಮತ್ತು ನೀಲಗಿರಿಯವರಿಗೆ ಕೊಯಮತ್ತೂರಿನ ಚೆಟ್ಟಿಪಾಳ್ಯಂ ಬಳಿಯ ಕರಿ ಮೋಟಾರ್ ಸ್ಪೀಡ್‌ವೇ ಹತ್ತಿರ. ಇದು 2003ರಲ್ಲಿ ಶುರುವಾದ, ಸುಮಾರು 2.1 ಕಿ.ಮೀ. ಉದ್ದದ ಟ್ರ್ಯಾಕ್. ರೇಸ್ ಕಾರುಗಳನ್ನು ತಾವೇ ಕಟ್ಟಿ ಓಡಿಸುತ್ತಿದ್ದ ಎಸ್. ಕರಿವರ್ಧನ್ ಅವರ ನೆನಪಿಗೆ ಈ ಹೆಸರು.

ಸೋಲಾಪುರ, ಜತ್ತ ಕಡೆಯವರಿಗೆ ಎರಡೂ ದೂರ. ಅವರು ಹಿಂದಿನ ದಿನವೇ ತಲುಪಿ, ರಾತ್ರಿ ನಿದ್ದೆ ಮಾಡಿ ಟ್ರ್ಯಾಕಿಗಿಳಿಯುವುದು ಒಳ್ಳೆಯದು. ತಾಳವಾಡಿಯವರು ದಿಂಬಂ ಘಾಟಿಯ ರಾತ್ರಿ ಸಂಚಾರ ನಿರ್ಬಂಧವನ್ನು ಲೆಕ್ಕಕ್ಕಿಟ್ಟು ಹೊರಡುವ ಮತ್ತು ಮರಳುವ ಹೊತ್ತನ್ನು ನಿರ್ಧರಿಸಬೇಕು.

ಮೊದಲ ಖರ್ಚು ಬ್ರೇಕಿಗೆ

ದಿಂಬಂ ಘಾಟಿಯ 27 ತಿರುವುಗಳನ್ನೋ ವಯನಾಡಿನ ತಾಮರಶ್ಶೇರಿ ಚುರವನ್ನೋ ಇಳಿದವರಿಗೆ ಬ್ರೇಕ್ ಸುಟ್ಟ ವಾಸನೆ ಗೊತ್ತು. ಘಾಟಿಯಲ್ಲಿ ನಾವು ಕೆಳಗಿನ ಗೇರಿಗೆ ಹಾಕಿ ಬ್ರೇಕಿಗೆ ಬಿಡುವು ಕೊಡುತ್ತೇವೆ. ಟ್ರ್ಯಾಕಿನಲ್ಲಿ ಆ ಬಿಡುವು ಇಲ್ಲ. ಪ್ರತಿ ನೇರ ದಾರಿಯ ಕೊನೆಗೆ ಜೋರು ಬ್ರೇಕ್, ಅರ್ಧ ನಿಮಿಷದೊಳಗೆ ಮತ್ತೊಮ್ಮೆ.

ಲೆಕ್ಕ ನೋಡಿ. ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಲ್ಲಿ ಹೋಗುತ್ತಿರುವ ಕಾರನ್ನು ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಬಿಸಿಗಿಂತ, 120ರಿಂದ 60ಕ್ಕೆ ಇಳಿಸಿದಾಗ ಹುಟ್ಟುವ ಬಿಸಿ ಮೂರು ಪಟ್ಟು. ಕಾರು ನಿಂತೇ ಇಲ್ಲ, ಆದರೂ ಡಿಸ್ಕ್ ಕಾದಿರುತ್ತದೆ.

ಈ ಬಿಸಿ ಬ್ರೇಕ್ ಆಯಿಲಿಗೆ ತಲುಪುತ್ತದೆ. ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿರುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು. ಮಳೆಗಾಲದಲ್ಲಿ ಕಾಸರಗೋಡಿನ ಅಡುಗೆಮನೆಯ ಉಪ್ಪು ನೀರೊಡೆಯುವಂತೆ, ಇದೂ ವರ್ಷದಿಂದ ವರ್ಷಕ್ಕೆ ತೇವ ಹಿಡಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ತೇವ ಹಿಡಿದ ಆಯಿಲಿಗೆ ಅದೇ ಮಿತಿ 155 ಡಿಗ್ರಿ. ಡಾಟ್ 3ಕ್ಕೆ ಇವು 205 ಮತ್ತು 140. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಪೆಡಲ್ ತುಳಿದಾಗ ಗುಳ್ಳೆ ಕುಗ್ಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ.

ನಮ್ಮ ಬಳಗದ ಒಬ್ಬರಿಗೆ ಮೊದಲ ದಿನವೇ ಹೀಗಾಯಿತು. ಹೊಸ ಅಲಾಯ್ ಚಕ್ರಕ್ಕೂ ಸದ್ದು ಮಾಡುವ ಸೈಲೆನ್ಸರಿಗೂ ದುಡ್ಡು ಸುರಿದಿದ್ದರು. ಬ್ರೇಕ್ ಆಯಿಲ್ ಮಾತ್ರ ನಾಲ್ಕು ವರ್ಷದ ಹಳೆಯದು. ಐದನೆಯ ಸುತ್ತಿನಲ್ಲಿ ಪೆಡಲ್ ಮೆತ್ತಗಾಗಿ ತಳ ಮುಟ್ಟಿತು. ತಿರುವಿನಾಚೆ ಬಯಲಿದ್ದುದರಿಂದ ಮಣ್ಣಿಗಿಳಿದು ನಿಂತರು, ಏನೂ ಆಗಲಿಲ್ಲ. ಗೋಡೆಯಿದ್ದಿದ್ದರೆ ಈ ಲೇಖನ ಬೇರೆಯೇ ಆಗಿರುತ್ತಿತ್ತು.

ಆದ್ದರಿಂದ ಹೋಗುವ ವಾರದಲ್ಲಿ ಬ್ರೇಕ್ ಆಯಿಲನ್ನು ಪೂರ್ತಿ ಬದಲಿಸಿ, ನಾಲ್ಕೂ ಚಕ್ರಗಳಲ್ಲಿ ಗಾಳಿ ತೆಗೆಸಿ. ಮೇಲೆ ತುಂಬಿಸಿ ಕಳುಹಿಸಿದರೆ ಸಾಲದು. ಸೀಲು ಒಡೆದು ಬಹುಕಾಲ ಇಟ್ಟ ಡಬ್ಬಿಯ ಆಯಿಲ್ ಬೇಡ, ಹೊಸ ಡಬ್ಬಿಯನ್ನು ಕಣ್ಣೆದುರೇ ಒಡೆಸಿ. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಹೊಸದು ಹಾಕಿಸಿ. ಹಾಕಿಸಿದ ಮೇಲೆ ಕೆಲವು ದಿನ ಊರಲ್ಲೇ ಓಡಿಸಿ ಹೊಂದಿಸಿಕೊಳ್ಳಿ. ಹೊಚ್ಚಹೊಸ ಪ್ಯಾಡಿನೊಡನೆ ನೇರ ಟ್ರ್ಯಾಕಿಗೆ ಹೋಗಬಾರದು.

ಟೈರು ಮತ್ತು ಗಾಳಿ

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 3523 ಎಂದಿದ್ದರೆ 2023ರ 35ನೇ ವಾರದಲ್ಲಿ ತಯಾರಾದದ್ದು. ಸೋಲಾಪುರ, ರಾಯದುರ್ಗದ ಬಿಸಿಲಿಗೆ ನಿಂತ ಕಾರಿನ ಟೈರು, ಕಚ್ಚು ಆಳವಾಗಿದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟಿರಬಹುದು. ಬಿರುಕು, ಉಬ್ಬು, ಹಳೆಯ ಪಂಕ್ಚರ್ ತೇಪೆ ಕಂಡರೆ ಆ ಟೈರಿನಲ್ಲಿ ಟ್ರ್ಯಾಕಿಗಿಳಿಯಬೇಡಿ. ಕಚ್ಚಿನ ಆಳ 1.6 ಮಿ.ಮೀ. ಇದ್ದರೆ ಕಾನೂನು ಒಪ್ಪುತ್ತದೆ. ಆದರೆ ಅಷ್ಟರಲ್ಲೇ ಹೋದರೆ, ಮರಳುವಾಗ ಮಳೆ ಬಂದರೆ ಹೆದ್ದಾರಿಯಲ್ಲಿ ಹಿಡಿತ ಸಿಗದು.

ಬೆಳಿಗ್ಗೆ ಟೈರು ತಣ್ಣಗಿರುವಾಗ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟೇ ಗಾಳಿ ಹಾಕಿ. ಓಡಿದ ಮೇಲೆ ಒತ್ತಡ ತಾನಾಗಿ ಏರುತ್ತದೆ. ಪ್ರತಿ ಸರದಿ ಮುಗಿದ ಕೂಡಲೇ ಅಳೆದು ಬರೆದಿಡಿ. ಏರಿಕೆ ಬಹಳವಾಗಿ ಕಾರು ಜಾರತೊಡಗಿದರೆ, ಅಲ್ಲಿರುವ ತರಬೇತುದಾರರನ್ನು ಕೇಳಿ ಸ್ವಲ್ಪ ಬಿಡಬಹುದು. ಹಾಗೆ ಬಿಟ್ಟ ಗಾಳಿಯನ್ನು ಮನೆಗೆ ಹೊರಡುವ ಮುನ್ನ ಮತ್ತೆ ತುಂಬಿಸಲು ಮರೆಯಬೇಡಿ. ಸಣ್ಣದೊಂದು ಗಾಳಿಯಂತ್ರ ಜೊತೆಗಿರಲಿ. ಚಕ್ರದ ನಟ್ಟುಗಳನ್ನು ಕಾರಿನ ಕೈಪಿಡಿ ಹೇಳುವ ಅಳತೆಗೆ ಟಾರ್ಕ್ ವ್ರೆಂಚಿನಿಂದ ಬಿಗಿಸಿ. ಮೊದಲ ಸರದಿಯ ನಂತರ ಚಕ್ರ ತಣಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಎಂಜಿನ್, ಕಾರಿನ ಒಳಗು, ಚಾಲಕರು

ಎಂಜಿನಿಗೆ ಬೇಕಾದದ್ದು ಕಡಿಮೆ. ಬದಲಿಸುವ ಕಾಲ ಹತ್ತಿರ ಬಂದಿದ್ದರೆ ಆಯಿಲ್ ಬದಲಿಸಿ. ಇಲ್ಲವಾದರೆ ಡಿಪ್ ಸ್ಟಿಕ್ಕಿನ ಮೇಲಿನ ಗೆರೆಯ ಹತ್ತಿರ ಇರುವಂತೆ ನೋಡಿಕೊಳ್ಳಿ. ಗೆರೆ ದಾಟಬಾರದು. ಕೂಲೆಂಟ್ ಮಟ್ಟ ನೋಡಿ, ಹೋಸುಗಳಲ್ಲಿ ಸೋರಿಕೆ ಇದೆಯೇ ಪರೀಕ್ಷಿಸಿ. ಪೆಟ್ರೋಲ್ ಊರಿನಲ್ಲಿ ತೋರಿಸುವ ಮೈಲೇಜಿನ ಅರ್ಧವೂ ಬರದು. ದಾರಿಯ ಬಂಕಿನಲ್ಲೇ ತುಂಬಿಸಿಕೊಳ್ಳಿ.

ಕಾರಿನೊಳಗೆ ಸಡಿಲವಾದ ಯಾವುದೂ ಇರಬಾರದು. ನೀರಿನ ಬಾಟಲಿ, ನಾಣ್ಯ, ಕೊಡೆ, ಡ್ಯಾಶ್‌ಬೋರ್ಡಿನ ದೇವರ ಮೂರ್ತಿ, ಡಿಕ್ಕಿಯ ಜಾಕು, ಸ್ಟೆಪ್ನಿ ಎಲ್ಲವನ್ನೂ ತೆಗೆದಿಡಿ. ಚಾಲಕರ ಕಾಲಡಿಯ ಮ್ಯಾಟನ್ನಂತೂ ತೆಗೆಯಲೇಬೇಕು. ಬ್ರೇಕ್ ಪೆಡಲಿನ ಕೆಳಗೆ ಉರುಳಿ ಬಂದ ಬಾಟಲಿ ಕುದಿದ ಬ್ರೇಕ್ ಆಯಿಲಿನಷ್ಟೇ ಅಪಾಯ. ಕಾರನ್ನು ಎಳೆಯುವ ಕೊಕ್ಕೆಯನ್ನು ಕೈಗೆ ಸಿಗುವಂತಿಡಿ.

ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ತುಂಬುತೋಳಿನ ಹತ್ತಿ ಬಟ್ಟೆ, ತೆಳು ತಳದ ಶೂ ಸಾಕು. ಯಾವ ದರ್ಜೆಯ ಹೆಲ್ಮೆಟ್ ಬೇಕು ಎಂಬುದನ್ನು ಆಯೋಜಕರನ್ನು ಮೊದಲೇ ಕೇಳಿ. ಎತ್ತರದ ಎಸ್‌ಯುವಿ ಇದ್ದವರು ಅದಕ್ಕೆ ಅನುಮತಿ ಇದೆಯೇ ಎಂದೂ ವಿಚಾರಿಸಿ.

ವಿಮೆಯನ್ನು ಓದಿ

ನಮ್ಮ ದೇಶದ ಖಾಸಗಿ ಕಾರಿನ ಪಾಲಿಸಿಗಳಲ್ಲಿ ಬಳಕೆಯ ಮಿತಿ ಎಂಬ ಭಾಗವಿರುತ್ತದೆ. ಆಯೋಜಿತ ರೇಸ್, ವೇಗ ಪರೀಕ್ಷೆ ಮುಂತಾದವು ಅದರಲ್ಲಿ ಸಾಮಾನ್ಯವಾಗಿ ಹೊರಗುಳಿದಿರುತ್ತವೆ. ಸ್ಪರ್ಧೆಯಲ್ಲ ಎಂಬ ವಾದ ಕ್ಲೇಮಿನ ಹೊತ್ತಿಗೆ ನಡೆಯುತ್ತದೆಂದು ನಂಬಿ ಕೂರಬೇಡಿ. ಟ್ರ್ಯಾಕಿನಲ್ಲಿ ಆದ ಹಾನಿಗೆ ನಮ್ಮ ಜೇಬೇ ಗತಿ ಎಂದುಕೊಂಡೇ ಹೊರಡಿ. ಸಾಲದ ಕಂತು ಕಟ್ಟುತ್ತಿರುವ ಕಾರಾದರೆ ಮನೆಯವರೊಡನೆ ಕುಳಿತು ಮಾತಾಡಿ. ಆಯೋಜಕರ ಪತ್ರಕ್ಕೆ ಸಹಿ ಹಾಕುವ ಮುನ್ನ, ತಡೆಗೋಡೆಗೆ ಹಾನಿಯಾದರೆ ಯಾರು ಭರಿಸಬೇಕು ಎಂಬ ಸಾಲನ್ನು ಹುಡುಕಿ ಓದಿ.

ಟ್ರ್ಯಾಕಿನಲ್ಲಿ

ಬೆಳಗಿನ ಸೂಚನಾ ಸಭೆ ತಪ್ಪಿಸಬೇಡಿ. ಬಾವುಟಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಹಳದಿ ಎಂದರೆ ಮುಂದೆ ಅಪಾಯ, ನಿಧಾನಿಸಿ, ಯಾರನ್ನೂ ಹಿಂದಿಕ್ಕಬೇಡಿ. ಕೆಂಪು ಎಂದರೆ ಸರದಿ ನಿಂತಿತು, ನಿಧಾನವಾಗಿ ಒಳಬನ್ನಿ. ನೀಲಿ ಎಂದರೆ ಹಿಂದೆ ವೇಗದ ಕಾರು ಬರುತ್ತಿದೆ. ಕಪ್ಪು ನಿಮಗೆ ತೋರಿಸಿದರೆ ಪಿಟ್ಟಿಗೆ ಬನ್ನಿ. ಚೌಕಳಿ ಎಂದರೆ ಸರದಿ ಮುಗಿಯಿತು.

ಮೊದಲ ಸುತ್ತು ನಿಧಾನ, ಕೊನೆಯ ಸುತ್ತು ಇನ್ನೂ ನಿಧಾನ. ಕಾರಿನ ಜಾರುವಿಕೆ ತಡೆಯುವ ವ್ಯವಸ್ಥೆಯನ್ನು ಆರಿಸಬೇಡಿ. ಮೂರ್ನಾಲ್ಕು ಸುತ್ತು ಓಡಿಸಿ ಒಂದು ಸುತ್ತು ತಣಿಸಿ. ಪೆಡಲ್ ಸ್ವಲ್ಪ ಮೆತ್ತಗಾದರೂ, ಸುಟ್ಟ ವಾಸನೆ ಬಂದರೂ, ಉಷ್ಣತೆಯ ಮುಳ್ಳು ಏರಿದರೂ ಆ ಸರದಿ ಅಲ್ಲಿಗೇ ಮುಗಿಯಿತು ಎಂದುಕೊಳ್ಳಿ. ಒಳಬಂದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಕಾದ ಬ್ರೇಕ್ ಹಿಡಿದುಕೊಂಡೇ ತಣಿಯುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ.

ಮನೆಗೆ ಹೊರಡುವ ಮುನ್ನ

ದಿನದ ಕೊನೆಯ ಸರದಿಯನ್ನು ಬಿಟ್ಟುಬಿಡಿ ಎಂಬುದು ನಮ್ಮ ಅನುಭವದ ಮಾತು. ಆ ಹೊತ್ತಿಗೆ ಮೈ ದಣಿದಿರುತ್ತದೆ, ಧೈರ್ಯ ಮಾತ್ರ ಬೆಳೆದಿರುತ್ತದೆ. ಆ ಸಮಯದಲ್ಲಿ ಟೈರಿನ ಗಾಳಿ, ಚಕ್ರದ ನಟ್ಟು, ಪ್ಯಾಡು, ಎಂಜಿನ್ ಆಯಿಲ್, ಕೂಲೆಂಟ್ ಮತ್ತೊಮ್ಮೆ ನೋಡಿ. ಸ್ಟೆಪ್ನಿ, ಜಾಕು ಮರಳಿ ಡಿಕ್ಕಿಗೆ ಬರಲಿ. ಊಟ ಮಾಡಿ, ಒಂದು ಗಂಟೆ ಕೂತು ಹೊರಡಿ. ಟ್ರ್ಯಾಕಿನಿಂದ ಹೆದ್ದಾರಿಗೆ ಬಂದಾಗ ಎಂಬತ್ತು ಕೂಡ ನಿಧಾನ ಎನಿಸುತ್ತದೆ. ಆದರೆ ಹೆದ್ದಾರಿಯಲ್ಲಿ ಬಾವುಟ ಹಿಡಿದು ಎಚ್ಚರಿಸುವವರಿಲ್ಲ, ಎದುರಿನಿಂದ ಬರುವವರಿದ್ದಾರೆ.

ಊರಿಗೆ ಬಂದ ವಾರದಲ್ಲಿ ನಿಮ್ಮ ಗ್ಯಾರೇಜಿನಲ್ಲಿ ಒಮ್ಮೆ ಚಕ್ರ ಬಿಚ್ಚಿಸಿ ಬ್ರೇಕ್ ನೋಡಿಸಿ. ಹೋಗಿ ಬಂದ ಸದಸ್ಯರು ಯಾವ ಕಾರು, ಎಷ್ಟು ಗಾಳಿ, ಎಷ್ಟು ಖರ್ಚು ಎಂಬುದನ್ನು ನಾಲ್ಕು ಸಾಲು ಬರೆದು ಕಳುಹಿಸಿದರೆ, ಮುಂದೆ ಹೊರಡುವವರಿಗೆ ಉಪಯೋಗವಾದೀತು.