ಚರೆಕೋವಿಯ ಅಳತೆಗೋಲು ಮತ್ತು ಬ್ರಿಟನ್ನಿನ ನರಿ

ಬ್ರಿಟನ್ನಿನ ನರಿಬೇಟೆಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಕುದುರೆ, ಬೇಟೆನಾಯಿ, ಕೆಂಪು ಅಂಗಿಗಳ ವಿಚಾರವನ್ನೇ ಬರೆದಿದ್ದಾರೆ. ಕೋವಿಯ ಇತಿಹಾಸವನ್ನು ಬರೆದವರ ಗಮನವೆಲ್ಲ ಪಕ್ಷಿಗಳ ಮೇಲಿದೆ. ನರಿಯನ್ನು ಹೊಡೆಯಲು ತೋಟಾದಲ್ಲಿ ಎಂಥ ಚರೆ ಇರಬೇಕು, ನಳಿಗೆಯ ಬಾಯಿ ಎಷ್ಟು ಬಿಗಿಯಾಗಿರಬೇಕು ಎಂಬ ಪ್ರಶ್ನೆ ಈ ಎರಡು ಬಗೆಯ ಬರಹಗಳ ನಡುವೆ ಅನಾಥವಾಗಿ ಉಳಿದಿದೆ. ಚರೆಕೋವಿಯ ಸಾಮರ್ಥ್ಯವನ್ನು ಅಳೆಯುವ ಮಾನವು ರೂಪುಗೊಂಡ ಕಾಲದಲ್ಲಿ ಸಭ್ಯ ಸಮಾಜವು ನರಿಯನ್ನು ಕೋವಿಯಿಂದ ಹೊಡೆಯಲು ಒಪ್ಪುತ್ತಿರಲಿಲ್ಲವೆಂಬುದೇ ಇದಕ್ಕೆ ಕಾರಣವೆಂದು ನಾವು ಭಾವಿಸುತ್ತೇವೆ. ನಮ್ಮಲ್ಲಿ ಗುಳ್ಳೆನರಿಯನ್ನೂ ನರಿಯೆಂದೇ ಕರೆಯುವ ವಾಡಿಕೆಯುಂಟಾದುದರಿಂದ, ಇಲ್ಲಿ ಹೇಳುವುದು ಯೂರೋಪಿನ ಕೆಂಪು ನರಿಯ ವಿಚಾರವೆಂಬುದನ್ನು ವಾಚಕರು ಗಮನಿಸಬೇಕು.

ಈ ನಿಷೇಧವು ಪುರಾತನವಾದುದಲ್ಲ. ೧೫೬೬ರ ಶಾಸನವೊಂದು ನರಿಯನ್ನು ಪೀಡೆಯ ಪ್ರಾಣಿಗಳ ಪಟ್ಟಿಗೆ ಸೇರಿಸಿ, ಅದರ ತಲೆಯನ್ನು ತಂದವನಿಗೆ ೧೨ ಪೆನ್ನಿ ಕೊಡುವಂತೆ ವಿಧಿಸಿತ್ತು. ಹದಿನೆಂಟನೆಯ ಶತಮಾನದಲ್ಲಿ ಪರಿಸ್ಥಿತಿ ತಲೆಕೆಳಗಾಯಿತು. ೧೭೫೩ರಿಂದ ಲೆಸ್ಟರ್‌ಷೈರಿನಲ್ಲಿ ಹ್ಯೂಗೋ ಮೇನೆಲ್ ವೇಗಶಾಲಿಯಾದ ನಾಯಿಗಳನ್ನು ಬೆಳೆಸಿ, ನರಿಯ ಬೆನ್ನಟ್ಟುವಿಕೆಯನ್ನು ಶ್ರೀಮಂತರ ವಿನೋದವನ್ನಾಗಿ ಮಾಡಿದನು. ಅಂದಿನಿಂದ ಬಯಲುಸೀಮೆಯಲ್ಲಿ ನರಿ ರಕ್ಷಣೀಯವಾಯಿತು. ಸಾಲದೆ ಬಂದಲ್ಲಿ ಲಂಡನ್ನಿನ ಲೆಡನ್‌ಹಾಲ್ ಪೇಟೆಯಲ್ಲಿ ಕೊಂಡು ತಂದು ಬಿಡುವುದೂ ಇತ್ತು. ನರಿಯನ್ನು ಗುಂಡಿಟ್ಟು ಕೊಂದವನ ಕೃತ್ಯಕ್ಕೆ 'ವಲ್ಪಿಸೈಡ್', ಅಂದರೆ ನರಿಹತ್ಯೆ, ಎಂಬ ಗಂಭೀರ ಹೆಸರನ್ನೇ ಇಟ್ಟರು. ಅದಕ್ಕೆ ಶಿಕ್ಷೆ ನ್ಯಾಯಾಲಯದಲ್ಲಿ ಅಲ್ಲ, ನೆರೆಹೊರೆಯ ಊಟದ ಮನೆಗಳಲ್ಲಿ. ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಬೆಟ್ಟಗಳ ಕುರಿಗಾಹಿಗಳಿಗೆ ಮಾತ್ರ ಈ ಮರ್ಯಾದೆ ತಟ್ಟಲಿಲ್ಲ. ಅವರಿಗೆ ನರಿ ಕುರಿಮರಿಗಳ ಕಳ್ಳ. ನಾಯಿಗಳು ಎಬ್ಬಿಸಿದ ನರಿಯನ್ನು ಅವರು ಕೋವಿ ಹಿಡಿದು ಕಾದು ಹೊಡೆಯುತ್ತಿದ್ದರು. ಆದರೆ ಕೋವಿಯ ಪರೀಕ್ಷೆಗಳನ್ನು ನಡೆಸಿದವರು ಆ ಬೆಟ್ಟದ ಜನರಲ್ಲ.

ಚೋಕ್ ಎಂದರೆ ನಳಿಗೆಯ ಬಾಯಿಯ ಬಳಿ ಮಾಡಿದ ಅತ್ಯಲ್ಪ ಬಿಗಿತ. ಹನ್ನೆರಡು ಬೋರಿನ ಕೋವಿಯಲ್ಲಿ ಪೂರ್ಣ ಚೋಕ್ ಎಂದರೆ ಅಂಗುಲವನ್ನು ಸಾವಿರವಾಗಿಸಿದರೆ ಸುಮಾರು ೪೦ ಭಾಗ, ಅರ್ಧ ಚೋಕ್ ೨೦ ಭಾಗ. ಇಷ್ಟರಿಂದಲೇ ಚರೆಯ ಗುಂಪು ಬೇಗ ಚದುರದೆ ದೂರಕ್ಕೆ ಹೋಗುತ್ತದೆ. ೧೮೬೬ರಲ್ಲಿ ಅಮೆರಿಕದ ರೋಪರ್, ನ್ಯೂಕ್ಯಾಸಲಿನ ಪೇಪ್ ಇಬ್ಬರೂ ಇದಕ್ಕೆ ಪೇಟೆಂಟ್ ಪಡೆದರು. ಮೊದಲಿಗನಾರೆಂಬ ವಾದವನ್ನು ನಾವಿಲ್ಲಿ ಎತ್ತುವುದಿಲ್ಲ. ನಮಗೆ ಮುಖ್ಯವಾದುದು ೧೮೭೫ರಲ್ಲಿ ಲಂಡನ್ನಿನ 'ದಿ ಫೀಲ್ಡ್' ಪತ್ರಿಕೆ ನಡೆಸಿದ ಪರೀಕ್ಷೆ. ಬರ್ಮಿಂಗ್‌ಹ್ಯಾಮಿನ ಡಬ್ಲ್ಯು. ಡಬ್ಲ್ಯು. ಗ್ರೀನರನ ಚೋಕ್ ಕೋವಿಗಳು ಗೆದ್ದುದು ಅಲ್ಲಿ. ೪೦ ಗಜ ದೂರದಲ್ಲಿ ೩೦ ಅಂಗುಲ ವ್ಯಾಸದ ವೃತ್ತದೊಳಗೆ ೬ನೆಯ ನಂಬರಿನ ಸಣ್ಣ ಚರೆಗಳು ಎಷ್ಟು ಬಿದ್ದವೆಂದು ಎಣಿಸುವುದೇ ಕೋವಿಯ ಯೋಗ್ಯತೆಯ ಅಳತೆಯೆಂದು ಸ್ಥಿರವಾಯಿತು. ಇಂದಿಗೂ ಪೂರ್ಣ ಚೋಕಿಗೆ ನೂರಕ್ಕೆ ೭೦, ಅರ್ಧ ಚೋಕಿಗೆ ೬೦ ಎಂದು ಹೇಳುವುದು ಈ ವೃತ್ತದ ಲೆಕ್ಕವೇ. ಇದು ಹಾರುವ ಹಕ್ಕಿಗೆ ಹೇಳಿಮಾಡಿಸಿದ ಅಳತೆ.

ನರಿಗೆ ಇದು ಎಷ್ಟರಮಟ್ಟಿಗೆ ಹೊಂದುತ್ತದೆಂಬುದನ್ನು ಲೆಕ್ಕಹಾಕಿ ನೋಡಬಹುದು. ವೃತ್ತದ ವಿಸ್ತೀರ್ಣ ಸುಮಾರು ೭೦೭ ಚದರ ಅಂಗುಲ. ಒಂದೂಕಾಲು ಔನ್ಸಿನ ತೋಟಾದಲ್ಲಿ ೬ನೆಯ ನಂಬರಿನ ಚರೆ ಸುಮಾರು ೩೩೭ ಇರುತ್ತವೆ. ಪೂರ್ಣ ಚೋಕಿನಲ್ಲಿ ಮೂರು ಚದರ ಅಂಗುಲಕ್ಕೆ ಒಂದರಂತೆ ಬೀಳುತ್ತವೆ. ಹಕ್ಕಿ ಉಳಿಯದು. ಆದರೆ ಕಾಳು ಕೇವಲ ಹತ್ತನೆಯ ಒಂದು ಗ್ರಾಂ ತೂಗುವುದರಿಂದ, ದೂರದ ನರಿಯ ದಟ್ಟ ತುಪ್ಪಳು, ಚರ್ಮ, ಸ್ನಾಯುಗಳನ್ನು ದಾಟಿ ಮರ್ಮಸ್ಥಾನಕ್ಕೆ ಮುಟ್ಟುವಂತಿಲ್ಲ. ಅದರ ಎದುರು ತುದಿಯಲ್ಲಿ ಎಸ್‌ಜಿ ಎಂಬ ದಪ್ಪ ಚರೆಯಿದೆ: ಕಾಳೊಂದರ ತೂಕ ಮೂವತ್ತು ಪಟ್ಟಿಗೂ ಮಿಗಿಲು, ಆದರೆ ಔನ್ಸಿಗೆ ಎಂಟೇ ಕಾಳು. ತೋಟಾದ ಹತ್ತರಲ್ಲಿ ಏಳು ವೃತ್ತದೊಳಗೆ ಬಿದ್ದರೆ ನೂರು ಚದರ ಅಂಗುಲಕ್ಕೆ ಒಂದಾಯಿತು. ವಯಸ್ಕ ನರಿಯ ತೂಕ ಸಾಮಾನ್ಯವಾಗಿ ೫ರಿಂದ ೭ ಕಿಲೋಗ್ರಾಂ. ಚಳಿಗಾಲದ ತುಪ್ಪಳು ಅದನ್ನು ದಪ್ಪವಾಗಿ ತೋರಿಸುತ್ತದೆ, ಒಳಗಿನ ದೇಹ ಸಣ್ಣದು. ಅಂಥ ದೇಹ ಏಳು ಕಾಳುಗಳ ನಡುವೆ ನುಸುಳಿಹೋಗಬಹುದು. ಒಂದೇ ಕಾಳು ಹೊಟ್ಟೆಗೋ ಕಾಲಿಗೋ ತಾಗಿ ದಿನಗಟ್ಟಲೆ ನರಳಲೂಬಹುದು. ನಡುವಣ ಬಿಬಿ ಚರೆಯಲ್ಲಿ ಸುಮಾರು ಹನ್ನೆರಡು ಚದರ ಅಂಗುಲಕ್ಕೆ, ಎಎಎ ಚರೆಯಲ್ಲಿ ಇಪ್ಪತ್ತಮೂರಕ್ಕೆ ಒಂದರಂತೆ ಬೀಳುತ್ತವೆ. ಅನುಭವಿಗಳು ಈ ಎರಡನ್ನು ಆರಿಸಿ, ದೂರವನ್ನು ೩೦ ಗಜದೊಳಗೆ ಇಟ್ಟುಕೊಳ್ಳುವುದು ಸಕಾರಣವಾಗಿಯೇ ಇದೆ. ಚೋಕಿನ ವಿಷಯದಲ್ಲಿ ಬಿಗಿಯಾದಷ್ಟೂ ಒಳ್ಳೆಯದೆಂಬ ಮಾತು ಇಲ್ಲಿ ಸಲ್ಲುವುದಿಲ್ಲ: ದಪ್ಪ ಸೀಸದ ಕಾಳುಗಳು ಅತಿ ಬಿಗಿಯಾದ ಬಾಯಲ್ಲಿ ಒತ್ತೊತ್ತಿ ರೂಪಗೆಟ್ಟು ದಿಕ್ಕು ತಪ್ಪಬಲ್ಲವು, ಎಷ್ಟೋ ಕೋವಿಗಳಲ್ಲಿ ಅರ್ಧ ಚೋಕೇ ಸಮನಾದ ಹರಹನ್ನು ಕೊಡುತ್ತದೆ. ಯಾವ ಕೋವಿಗೆ ಯಾವ ತೋಟಾ ಎಂಬುದನ್ನು ಕಾಗದದ ಮೇಲೆ ಹೊಡೆದು ನೋಡದೆ ಹೇಳುವಂತಿಲ್ಲ.

ಈ ಲೆಕ್ಕವು ಬೇಟೆಗಾರರ ಹರಟೆಯ ಮಟ್ಟವನ್ನು ದಾಟಿ ರಾಜಕೀಯವಾದುದು ೨೦೦೦ದಲ್ಲಿ. ಆ ವರ್ಷ ವರದಿಯೊಪ್ಪಿಸಿದ ಲಾರ್ಡ್ ಬರ್ನ್ಸ್ ಸಮಿತಿಯು, ನಾಯಿಗಳ ಬೇಟೆ ನರಿಯ ಕ್ಷೇಮಕ್ಕೆ ಗಂಭೀರವಾಗಿ ಬಾಧಕವೆಂದು ಹೇಳಿತು; ಆದರೆ ಹಗಲಿನಲ್ಲಿ ಚರೆಕೋವಿಯಿಂದ ಹೊಡೆಯುವುದು ಅದಕ್ಕಿಂತ ಮೇಲೆಂಬ ವಿಶ್ವಾಸವನ್ನು ವ್ಯಕ್ತಪಡಿಸಲಿಲ್ಲ. ೨೦೦೫ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೇರೆ ಬೇರೆ ಕೋವಿ, ಚರೆ, ದೂರಗಳಿಂದ ನರಿಯ ಆಕಾರದ ಗುರಿಗಳಿಗೆ ಹೊಡೆದು ಗಾಯದ ಪ್ರಮಾಣವನ್ನು ಅಂದಾಜು ಮಾಡಿದರು. ವೃತ್ತದ ಸ್ಥಾನದಲ್ಲಿ ಪ್ರಾಣಿಯೇ ಅಳತೆಯಾಯಿತು.

ಅಷ್ಟರಲ್ಲಿ ಶಾಸನಗಳು ಬಂದಿದ್ದವು. ಸ್ಕಾಟ್ಲೆಂಡಿನ ೨೦೦೨ರ ಶಾಸನ, ಇಂಗ್ಲೆಂಡ್ ಮತ್ತು ವೇಲ್ಸಿಗೆ ಅನ್ವಯಿಸುವ ೨೦೦೪ರ ಶಾಸನ ಎರಡೂ ನಾಯಿಗಳಿಂದ ಕೊಲ್ಲಿಸುವುದನ್ನು ನಿಷೇಧಿಸಿ, ಎಬ್ಬಿಸಿದ ನರಿಯನ್ನು ಕೋವಿಯಿಂದ ಹೊಡೆಯಲು ಅವಕಾಶವಿತ್ತವು. ಎರಡನೆಯದು ೨೦೦೫ರ ಫೆಬ್ರವರಿ ೧೮ರಿಂದ ಜಾರಿಗೆ ಬಂದಿತು. ಹಿಂದೆ ನರಿಹತ್ಯೆಯೆನಿಸಿದ್ದುದು ಹೀಗೆ ಕಾನೂನು ಒಪ್ಪುವ ಮಾರ್ಗವಾಯಿತು. ಆದರೆ ೨೦೦೪ರ ಶಾಸನ ಕೇಳುವುದು, ಸಮರ್ಥನಾದವನು ಆದಷ್ಟು ಬೇಗ ಹೊಡೆಯುವಂತೆ ಏರ್ಪಾಡಿರಬೇಕೆಂದು ಮಾತ್ರ. ಜಿಂಕೆಗಳ ವಿಷಯದಲ್ಲಿ, ಬೆಳೆ ಕಾಯಲು ಚರೆಕೋವಿ ಬಳಸುವ ಜಮೀನುದಾರನ ಕೋವಿ ಹನ್ನೆರಡು ಬೋರಿಗೆ ಕಡಿಮೆಯಿರಬಾರದು, ಚರೆಯ ಕಾಳು ಎಎಎಗಿಂತ ಸಣ್ಣದಿರಬಾರದು ಎಂದು ೧೯೯೧ರ ಶಾಸನವೇ ಅಂಗುಲದ ಸಾವಿರದ ಭಾಗಗಳಲ್ಲಿ ನಿಗದಿಪಡಿಸಿದೆ. ನರಿಗೆ ಸಂಬಂಧಿಸಿದ ಶಾಸನದಲ್ಲಿ ಚರೆಯ ಗಾತ್ರವಾಗಲಿ, ಚೋಕಾಗಲಿ, ದೂರವಾಗಲಿ ಉಲ್ಲೇಖಗೊಂಡಿಲ್ಲ.