ಕತ್ತಿ ಮತ್ತು ಕುರ್ಚಿ: ಕಾಲಿನ ಉಬ್ಬಿದ ರಕ್ತನಾಳಗಳ ಚಿಕಿತ್ಸೆಯ ಕಥೆ

“ಕಾಲಿನ ನರ ಉಬ್ಬಿದೆ” ಎಂಬ ಮಾತನ್ನು ನಾವೆಲ್ಲ ಮನೆಗಳಲ್ಲಿ ಕೇಳಿದ್ದೇವೆ. ಮೀನಖಂಡದ ಮೇಲೆ, ಮೊಣಕಾಲಿನ ಹಿಂದೆ ನೀಲಿ ಬಣ್ಣದ ಹಗ್ಗ ಸುತ್ತಿಟ್ಟಂತೆ ಕಾಣುವ ಗಂಟುಗಳು. ಸಂಜೆಯಾದರೆ ಕಾಲು ಭಾರ, ಪಾದ ಊತ, ರಾತ್ರಿ ಸೆಳೆತ. ವೈದ್ಯರು ಇದನ್ನು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ನಾವು ನರ ಎಂದರೂ ಇದು ನರವಲ್ಲ, ರಕ್ತನಾಳ. ಶಾಲೆಯಲ್ಲಿ ಓದಿದ್ದನ್ನು ನೆನಪಿಸಿಕೊಳ್ಳಿ: ಹೃದಯದಿಂದ ರಕ್ತವನ್ನು ಒಯ್ಯುವುದು ಅಪಧಮನಿ, ಹೃದಯಕ್ಕೆ ಮರಳಿ ತರುವುದು ಅಭಿಧಮನಿ. ಕಾಲಿನಲ್ಲಿ ಉಬ್ಬುವುದು ಈ ಎರಡನೆಯದು.

ನಾನು ವೈದ್ಯೆಯಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ನಿಂತು ಪಾಠ ಹೇಳಿದ ಅಮ್ಮನಿಗೆ ಇಲ್ಲಿ ಚೆನ್ನೈಯಲ್ಲಿ ಚಿಕಿತ್ಸೆ ಕೊಡಿಸುವಾಗ ಈ ಕಾಯಿಲೆಯ ಇತಿಹಾಸ ಓದತೊಡಗಿದೆ. ಓದುತ್ತಾ ಹೋದಂತೆ ಎರಡು ಕಥೆಗಳು ಜೊತೆಜೊತೆಯಾಗಿ ಸಾಗುವುದು ಕಂಡಿತು. ಒಂದು ಶಸ್ತ್ರಚಿಕಿತ್ಸಕನ ಕತ್ತಿಯ ಕಥೆ, ಇನ್ನೊಂದು ಸಾಧಾರಣ ಕುರ್ಚಿಯ ಕಥೆ.

ಈ ತೊಂದರೆ ಮನುಷ್ಯ ಎದ್ದು ನಿಂತಷ್ಟೇ ಹಳೆಯದಿರಬೇಕು. ಕ್ರಿಸ್ತಪೂರ್ವ 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪ್ಯಾಪಿರಸ್ ಎಂಬ ವೈದ್ಯಗ್ರಂಥದಲ್ಲಿ ಹಾವಿನಂತೆ ಸುತ್ತಿಕೊಂಡ ಊತಗಳ ಪ್ರಸ್ತಾಪವಿದೆ. ಅವಕ್ಕೆ ಕತ್ತಿ ತಾಗಿಸಬೇಡಿ ಎಂಬ ಎಚ್ಚರಿಕೆಯೂ ಇದೆ. ರಕ್ತ ಸುರಿದು ರೋಗಿ ಸಾಯುವ ಭಯವಿದ್ದ ಕಾಲ ಅದು. ಅಥೆನ್ಸಿನ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಒಂದು ಹರಕೆಯ ಕಲ್ಲಿದೆ. ಒಬ್ಬ ಗಂಡಸು ತನಗಿಂತ ದೊಡ್ಡದಾದ ಕಾಲೊಂದನ್ನು ಹಿಡಿದು ನಿಂತಿದ್ದಾನೆ, ಆ ಕಾಲಿನ ಉದ್ದಕ್ಕೂ ಉಬ್ಬಿದ ರಕ್ತನಾಳ. ನಮ್ಮ ದೇವಸ್ಥಾನಗಳಲ್ಲಿ ಬೆಳ್ಳಿಯ ಕೈಕಾಲು ಒಪ್ಪಿಸುವುದನ್ನು ಕಂಡವರಿಗೆ ಆ ಕಲ್ಲನ್ನು ಯಾರೂ ವಿವರಿಸಬೇಕಿಲ್ಲ.

ನಮ್ಮಲ್ಲಿ ಸುಶ್ರುತ ಸಂಹಿತೆಯ ನಿದಾನಸ್ಥಾನವು ಸಿರಾಗ್ರಂಥಿ, ಅಂದರೆ ರಕ್ತನಾಳದ ಗಂಟನ್ನು ವಿವರಿಸುತ್ತದೆ. ಬಲವಿಲ್ಲದ ದೇಹಕ್ಕೆ ಅತಿಯಾದ ಶ್ರಮ ಬಿದ್ದಾಗ ಅದು ಬರುತ್ತದೆ ಎನ್ನುತ್ತದೆ. ಅದೇ ಗ್ರಂಥ ಹದಿನಾಲ್ಕು ಬಗೆಯ ಕಟ್ಟುಗಳನ್ನು, ಈಗಿನ ಮಾತಿನಲ್ಲಿ ಬ್ಯಾಂಡೇಜುಗಳನ್ನು ಹೆಸರಿಸುತ್ತದೆ. ಗ್ರೀಸಿನಲ್ಲಿ ಹಿಪೊಕ್ರೆಟಿಸನ ಹೆಸರಿನಲ್ಲಿರುವ ಗ್ರಂಥವೊಂದು ಕಾಲಿನಲ್ಲಿ ಹುಣ್ಣಾದವರು ನಿಂತಿರಬಾರದು ಎನ್ನುತ್ತದೆ. ಎರಡು ಸಾವಿರ ವರ್ಷಗಳ ಹಿಂದೆಯೇ ಗೊತ್ತಿದ್ದ ಈ ಸಲಹೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ರೋಮನ್ನರು ಕತ್ತಿಗೆ ಹೆದರಲಿಲ್ಲ. ಒಂದನೇ ಶತಮಾನದ ಸೆಲ್ಸಸ್ ಉಬ್ಬಿದ ನಾಳವನ್ನು ಕೊಕ್ಕೆಯಿಂದ ಎತ್ತಿ ಕತ್ತರಿಸುವುದನ್ನೂ ಕಾಯಿಸಿದ ಕಬ್ಬಿಣದಿಂದ ಸುಡುವುದನ್ನೂ ಬರೆದಿದ್ದಾನೆ. ಅದಕ್ಕೂ ಮೊದಲಿನ ಸೇನಾಪತಿ ಗಾಯಸ್ ಮಾರಿಯಸನ ಕಥೆಯನ್ನು ಪ್ಲೂಟಾರ್ಕ್ ಹೇಳುತ್ತಾನೆ. ಮಾರಿಯಸನ ಎರಡೂ ಕಾಲುಗಳಲ್ಲಿ ನಾಳಗಳು ಉಬ್ಬಿದ್ದವು. ಕಟ್ಟಿಹಾಕಿಸಿಕೊಳ್ಳದೆ, ಮುಖ ಕಿವಿಚದೆ ಒಂದು ಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ವೈದ್ಯ ಎರಡನೇ ಕಾಲಿಗೆ ಬಂದಾಗ ಬೇಡವೆಂದ: ಪಡುವ ನೋವಿಗೆ ಸಿಗುವ ಗುಣ ಸಾಟಿಯಲ್ಲ ಎಂದು. ಯುದ್ಧಗಳನ್ನು ಗೆದ್ದವನೇ ಕೈಬಿಟ್ಟ ಚಿಕಿತ್ಸೆ ಅದು.

ಇಷ್ಟೆಲ್ಲ ನೋವು ಕೊಟ್ಟೂ ಕಾಯಿಲೆ ಮರುಕಳಿಸುತ್ತಿತ್ತು. ಏಕೆಂದರೆ ಎಲ್ಲರೂ ಕಣ್ಣಿಗೆ ಕಾಣುವ ಗಂಟನ್ನು ಕತ್ತರಿಸುತ್ತಿದ್ದರು. ಗಂಟು ಏಕೆ ಬಂತು ಎಂಬ ಪ್ರಶ್ನೆಗೆ ಉತ್ತರ ಸಿಗಲು ಇಟಲಿಯ ಪಡುವಾ ವಿಶ್ವವಿದ್ಯಾಲಯದವರೆಗೆ ಬರಬೇಕಾಯಿತು.

ಅಲ್ಲಿನ ಅಂಗರಚನಾ ಪ್ರಾಧ್ಯಾಪಕ ಫ್ಯಾಬ್ರಿಷಿಯಸ್ ಅಭಿಧಮನಿಗಳ ಒಳಗಿನ ಪುಟ್ಟ ಪದರಗಳನ್ನು ತೋರಿಸಿದ. 1603ರಲ್ಲಿ ಅವುಗಳ ಬಗ್ಗೆ ಪುಸ್ತಕ ಪ್ರಕಟಿಸಿ ಅವನ್ನು ಲ್ಯಾಟಿನ್ನಿನಲ್ಲಿ ‘ಪುಟ್ಟ ಬಾಗಿಲುಗಳು’ ಎಂದು ಕರೆದ. ಕನ್ನಡದ ಪಠ್ಯಪುಸ್ತಕಗಳಲ್ಲಿ ಅವು ಕವಾಟಗಳು, ಅರ್ಥವೂ ಬಾಗಿಲೇ! ಆದರೆ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದರ ಮಹತ್ವ ಫ್ಯಾಬ್ರಿಷಿಯಸನಿಗೆ ಹೊಳೆಯಲಿಲ್ಲ. ರಕ್ತ ಒಮ್ಮೆಲೇ ಕೈಕಾಲುಗಳಿಗೆ ನುಗ್ಗದಂತೆ ಅವು ತಡೆಯುತ್ತವೆ ಎಂದುಕೊಂಡ. ಅವನ ಬಳಿ ಕಲಿತ ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯ ಪುಸ್ತಕ ಬರೆದು ಇದನ್ನು ಬಿಡಿಸಿದ. ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿ ನೀವಿದರೆ ರಕ್ತ ಹೃದಯದ ಕಡೆಗೆ ಮಾತ್ರ ಸಾಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಇದು ಒಂದೇ ಕಡೆಗೆ ತೆರೆಯುವ ಬಾಗಿಲು.

ಕಾಲಿನ ಸಮಸ್ಯೆ ಇಲ್ಲಿಂದ ಅರ್ಥವಾಗುತ್ತದೆ. ಪಾದದಿಂದ ಹೃದಯಕ್ಕೆ ರಕ್ತ ಗುರುತ್ವಾಕರ್ಷಣೆಗೆ ಎದುರಾಗಿ ಏರಬೇಕು. ನಡೆಯುವಾಗ ಮೀನಖಂಡದ ಸ್ನಾಯುಗಳು ಪಂಪಿನಂತೆ ನಾಳಗಳನ್ನು ಹಿಂಡುತ್ತವೆ, ಮೇಲೇರಿದ ರಕ್ತ ಕೆಳಗಿಳಿಯದಂತೆ ಕವಾಟಗಳು ಮುಚ್ಚಿಕೊಳ್ಳುತ್ತವೆ. ಅಲುಗಾಡದೆ ನಿಂತವರ ಪಾದದ ಅಭಿಧಮನಿಯಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಅದೇ ವ್ಯಕ್ತಿ ನಡೆದರೆ 20–30ಕ್ಕೆ ಇಳಿಯುತ್ತದೆ. ದಿನವಿಡೀ ನಿಂತರೆ ಆ ಒತ್ತಡವನ್ನು ನಾಳದ ಗೋಡೆ ಹೊರಬೇಕು. ಗೋಡೆ ಹಿಗ್ಗಿದರೆ ಕವಾಟದ ಎರಡು ಕದಗಳು ಒಂದನ್ನೊಂದು ಮುಟ್ಟುವುದಿಲ್ಲ. ರಕ್ತ ಕೆಳಗೆ ಜಾರಿ, ಕೆಳಗಿನ ಕವಾಟದ ಮೇಲೆ ಭಾರ ಬಿದ್ದು ಅದೂ ಸೋಲುತ್ತದೆ. ಬಸಿರಿನಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಹಾರ್ಮೋನುಗಳು ನಾಳದ ಗೋಡೆಯನ್ನು ಸಡಿಲಿಸುತ್ತವೆ, ಗರ್ಭಕೋಶ ಕಿಬ್ಬೊಟ್ಟೆಯ ನಾಳಗಳನ್ನು ಒತ್ತುತ್ತದೆ. ಹೀಗಾಗಿ ಹೆಂಗಸರ ಕಾಲಿಗೆ ಹೊರೆ ಇನ್ನಷ್ಟು.

ಬಾಣಂತಿಯರ ಕಾಲಿನ ಕಥೆಯನ್ನೂ ಹೇಳಬೇಕು. ಹೆರಿಗೆಯ ನಂತರ ಕೆಲವರಿಗೆ ಒಂದು ಕಾಲು ಇದ್ದಕ್ಕಿದ್ದಂತೆ ಬೆಳ್ಳಗೆ ಊದಿಕೊಳ್ಳುತ್ತಿತ್ತು. ಯುರೋಪಿನ ವೈದ್ಯರು ಬಹುಕಾಲ ಇದನ್ನು ‘ಹಾಲುಗಾಲು’ ಎಂದರು, ಎದೆಹಾಲು ಕಾಲಿಗೆ ಇಳಿದಿದೆ ಎಂದು ನಂಬಿದರು. ಮ್ಯಾಂಚೆಸ್ಟರಿನ ಚಾರ್ಲ್ಸ್ ವೈಟ್ 1784ರಲ್ಲಿ ಇದರ ಬಗ್ಗೆಯೇ ಪುಸ್ತಕ ಬರೆದು, ದೋಷ ಹಾಲಿನದಲ್ಲ, ದುಗ್ಧರಸ ನಾಳಗಳದ್ದು ಎಂದ. 1823ರಲ್ಲಿ ಲಂಡನ್ನಿನ ಡೇವಿಡ್ ಡೇವಿಸ್ ಮೃತದೇಹಗಳನ್ನು ಪರೀಕ್ಷಿಸಿ, ಆಳದ ಅಭಿಧಮನಿಗಳು ಮುಚ್ಚಿಹೋಗಿರುವುದನ್ನು ತೋರಿಸಿದ. ಇಂದು ನಾವು ಡೀಪ್ ವೇನ್ ಥ್ರಾಂಬೋಸಿಸ್ ಎನ್ನುವುದು ಇದನ್ನೇ. ಆ ಹೆಪ್ಪು ಕಿತ್ತು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ.

ಕವಾಟದ ಅರಿವು ಶಸ್ತ್ರಚಿಕಿತ್ಸೆಗೆ ಬರಲು ಮತ್ತೆ ಎರಡೂವರೆ ಶತಮಾನ ಬೇಕಾಯಿತು. 1846ರಲ್ಲಿ ಈಥರ್ ಅರಿವಳಿಕೆ ಬಂತು, 1867ರಲ್ಲಿ ಲಿಸ್ಟರ್ ನಂಜುನಿರೋಧಕ ವಿಧಾನ ತಂದ. ಆಮೇಲೆ 1890ರ ಸುಮಾರಿಗೆ ಜರ್ಮನಿಯ ಫ್ರೆಡರಿಕ್ ಟ್ರೆಂಡೆಲೆನ್‌ಬರ್ಗ್ ಸರಳ ಪರೀಕ್ಷೆಯೊಂದನ್ನು ವಿವರಿಸಿದ. ರೋಗಿ ಮಲಗಿ ಕಾಲೆತ್ತಿದಾಗ ನಾಳ ಬರಿದಾಗುತ್ತದೆ. ತೊಡೆಯ ಮೇಲ್ಭಾಗದಲ್ಲಿ ಅದನ್ನು ಒತ್ತಿಹಿಡಿದು ನಿಲ್ಲಿಸಬೇಕು. ಒತ್ತು ಬಿಟ್ಟ ಕೂಡಲೇ ಮೇಲಿಂದ ಕೆಳಕ್ಕೆ ನಾಳ ತುಂಬಿದರೆ ಮೇಲಿನ ಕವಾಟ ಕೆಟ್ಟಿದೆ ಎಂದರ್ಥ. ಅವನು ಗಂಟನ್ನು ಬಿಟ್ಟು, ತೊಡೆಯಲ್ಲಿ ನಾಳವನ್ನು ಕಟ್ಟಿದ. ಸೋರುವ ನಲ್ಲಿಯ ಕೆಳಗೆ ನೆಲ ಒರೆಸುವುದನ್ನು ನಿಲ್ಲಿಸಿ ನಲ್ಲಿಯನ್ನೇ ತಿರುಗಿಸಿದಂತೆ. 1905ರಿಂದ 1907ರ ನಡುವೆ ಅಮೆರಿಕದ ಕೆಲ್ಲರ್, ಮೇಯೊ, ಬ್ಯಾಬ್‌ಕಾಕ್ ಎಂಬ ಮೂವರು ಕೆಟ್ಟ ನಾಳವನ್ನೇ ಎಳೆದು ತೆಗೆಯುವ ಬೇರೆಬೇರೆ ವಿಧಾನಗಳನ್ನು ತಂದರು. ಆಳದ ನಾಳಗಳೇ ಹೆಚ್ಚಿನ ರಕ್ತವನ್ನು ಸಾಗಿಸುವುದರಿಂದ ಚರ್ಮದಡಿಯ ಈ ನಾಳ ಹೋದರೂ ಕಾಲಿಗೆ ಕೊರತೆಯಿಲ್ಲ.

ಕತ್ತಿಯಿಲ್ಲದ ಚಿಕಿತ್ಸೆಯಲ್ಲಿ ಎಂಜಿನಿಯರ್ ಒಬ್ಬರ ಪಾಲಿದೆ ಎಂಬುದು ನನಗೆ ಖುಷಿಯ ಸಂಗತಿ. ಅಮೆರಿಕದ ಟೊಲೀಡೊದಲ್ಲಿದ್ದ ಕಾನ್ರಾಡ್ ಜಾಬ್ಸ್ಟ್ ಸ್ವತಃ ಕಾಲಿನ ರಕ್ತನಾಳದ ತೊಂದರೆಯಿಂದ ಬಳಲುತ್ತಿದ್ದರು. ಈಜುಕೊಳದಲ್ಲಿ ನಿಂತಾಗ ಮಾತ್ರ ನೋವು ಕಡಿಮೆಯಾಗುವುದನ್ನು ಗಮನಿಸಿದರು. ನೀರಿನ ಒತ್ತಡ ಆಳಕ್ಕೆ ಹೋದಷ್ಟೂ ಹೆಚ್ಚು, ಕಾಲಿನ ನಾಳದ ಒತ್ತಡವೂ ಕೆಳಗೇ ಹೆಚ್ಚು. ಒಂದಕ್ಕೊಂದು ಸರಿಹೊಂದುತ್ತದೆ. 1950ರ ಹೊತ್ತಿಗೆ ಅವರು ಕಣಕಾಲಿನಲ್ಲಿ ಬಿಗಿಯಾಗಿ, ಮೇಲೇರಿದಂತೆ ಸಡಿಲವಾಗುವ ಕಾಲುಚೀಲ ರೂಪಿಸಿದರು. ಇಂದು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಕಂಪ್ರೆಷನ್ ಸ್ಟಾಕಿಂಗ್ಸ್ ಇದೇ ತತ್ತ್ವದ್ದು. ಅಪಧಮನಿಯಲ್ಲಿ ತಡೆಯಿರುವವರಿಗೆ ಇದು ಅಪಾಯಕಾರಿ, ಹಾಗಾಗಿ ವೈದ್ಯರನ್ನು ಕೇಳದೆ ಕೊಳ್ಳಬೇಡಿ.

ಈಗಿನ ಚಿಕಿತ್ಸೆ ಮಾರಿಯಸನ ಕಾಲಕ್ಕಿಂತ ಎಷ್ಟು ಬೇರೆ ಎಂಬುದನ್ನು ಅಮ್ಮನ ಜೊತೆ ಹೋದಾಗ ನೋಡಿದೆ. ಡಾಪ್ಲರ್ ಸ್ಕ್ಯಾನಿನಲ್ಲಿ ಮೀನಖಂಡವನ್ನು ಹಿಂಡಿ ಬಿಟ್ಟರು. ಪರದೆಯ ಮೇಲೆ ಒಂದು ಬಣ್ಣದಲ್ಲಿ ಏರಿದ ರಕ್ತ ಇನ್ನೊಂದು ಬಣ್ಣದಲ್ಲಿ ಕೆಳಗಿಳಿಯಿತು. ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹೀಗೆ ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆಯೆಂದು ಲೆಕ್ಕ. ಹಾರ್ವೆ ಬೆರಳಿನಿಂದ ತೋರಿಸಿದ್ದನ್ನು ನಾವು ಪರದೆಯಲ್ಲಿ ಕಂಡೆವು. ಆಮೇಲೆ ಕಾಲಿಗಷ್ಟೇ ಮರಗಟ್ಟುವ ಮದ್ದು ಕೊಟ್ಟು, ನಾಳದೊಳಗೆ ಕೂದಲೆಳೆಯಂಥ ಲೇಸರ್ ತಂತು ತೂರಿಸಿ ಒಳಗಿಂದ ಮುಚ್ಚಿದರು. ಸೆಲ್ಸಸನ ಕಾದ ಕಬ್ಬಿಣದ ಮೊಮ್ಮಗಳೇ ಇದು, ಆದರೆ ಅಮ್ಮ ಅದೇ ದಿನ ನಡೆದುಕೊಂಡೇ ಮನೆಗೆ ಬಂದರು. ರೇಡಿಯೊ ತರಂಗ ಮತ್ತು ಲೇಸರಿನ ಈ ವಿಧಾನಗಳು ಬಂದದ್ದು 1999ರ ಆಸುಪಾಸಿನಲ್ಲಿ. ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಇವನ್ನೇ ಮೊದಲ ಆಯ್ಕೆಯಾಗಿಸಿತು, ನೊರೆಮದ್ದಿನ ಇಂಜೆಕ್ಷನ್ ಎರಡನೆಯದು, ನಾಳ ಎಳೆದು ತೆಗೆಯುವುದು ಮೂರನೆಯದು. ಕಾಲಿನ ಹುಣ್ಣಿದ್ದ 450 ರೋಗಿಗಳ ಮೇಲೆ ಅಲ್ಲೇ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಳವನ್ನು ಬೇಗ ಮುಚ್ಚಿಸಿಕೊಂಡವರ ಹುಣ್ಣು ಮಾಯಲು 56 ದಿನ ಹಿಡಿದರೆ, ಕಾದವರಿಗೆ 82 ದಿನ ಹಿಡಿಯಿತು.

ಚಿಕಿತ್ಸೆ ಮುಗಿದ ಮೇಲೆ ಅಮ್ಮನನ್ನು ಕೇಳಿದೆ, “ಕ್ಲಾಸಿನಲ್ಲಿ ಕುರ್ಚಿ ಇರಲಿಲ್ವಾ?” ಎಂದು. “ಇತ್ತಮ್ಮಾ. ಆದ್ರೆ ಕೂತ್ಕೊಂಡು ಪಾಠ ಮಾಡೋರು ಸೋಮಾರಿಗಳು ಅಂತಿದ್ರು” ಎಂದರು.

ಕುರ್ಚಿಯ ಕಥೆ ಇಲ್ಲಿದೆ. 1700ರಲ್ಲಿ ಇಟಲಿಯ ವೈದ್ಯ ರಾಮಾತ್ಸಿನಿ ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದ. ಅದರಲ್ಲಿ ನಿಂತು ದುಡಿಯುವವರಿಗಾಗಿ ಪ್ರತ್ಯೇಕ ಅಧ್ಯಾಯವಿದೆ. ಉಬ್ಬಿದ ನಾಳಗಳೇ ಅವರ ಮುಖ್ಯ ಕಾಟ, ನಡುನಡುವೆ ಕೂರಬೇಕು, ನಡೆಯಬೇಕು ಎಂದು ಹೇಳಿದ. ಆದರೆ ಅಂಗಡಿಗಳಲ್ಲಿ ನಿಂತು ದುಡಿಯುವ ಹೆಂಗಸರಿಗೆ ಮೂವರಿಗೊಂದು ಆಸನ ಇರಲೇಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1899ರಲ್ಲಿ. ಭಾರತದಲ್ಲಿ 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಂ ನಿಂತು ದುಡಿಯುವ ಕಾರ್ಮಿಕರಿಗೆ ಕೂರುವ ವ್ಯವಸ್ಥೆ ಕಡ್ಡಾಯ ಮಾಡಿತು. ಅಂಗಡಿಯ ಹೆಂಗಸರಿಗೆ ಅದು ತಲುಪಲಿಲ್ಲ. ಕೋಝಿಕ್ಕೋಡಿನ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತಿರುತ್ತಿದ್ದ ಮಹಿಳೆಯರು, ಟೈಲರ್ ವಿಜಿ ಅವರ ಮುಂದಾಳತ್ವದ ಪೆಣ್‌ಕೂಟ್ಟು ಸಂಘಟನೆಯ ಜೊತೆ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನು ತಿದ್ದಿತು. 2021ರಲ್ಲಿ ನಮ್ಮ ತಮಿಳುನಾಡೂ ತಿದ್ದಿತು. ರಾಮಾತ್ಸಿನಿಯಿಂದ ಟಿ. ನಗರದ ಸೀರೆ ಅಂಗಡಿಗೆ ಒಂದು ಸ್ಟೂಲ್ ಬರಲು ಮುನ್ನೂರ ಇಪ್ಪತ್ತೊಂದು ವರ್ಷ ಹಿಡಿಯಿತು. ಲೇಸರ್ ತಂತು ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಬಂದಿತ್ತು!

ಕೂತೇ ಇರುವ ನಮ್ಮಂಥ ಐಟಿಯವರು ಬಚಾವ್ ಎಂದುಕೊಳ್ಳಬೇಡಿ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬ್ ಬೀಳುತ್ತಿದ್ದಾಗ ಜನ ರಾತ್ರಿಯಿಡೀ ಆಶ್ರಯತಾಣಗಳಲ್ಲಿ ಮಡಚುಕುರ್ಚಿಗಳ ಮೇಲೆ ಕೂತಿರುತ್ತಿದ್ದರು. ಅವರಲ್ಲಿ ಕೆಲವರು ಬೆಳಗ್ಗೆ ಎದ್ದ ಮೇಲೆ ಕುಸಿದು ಸಾಯುವುದನ್ನು ವೈದ್ಯ ಕೀತ್ ಸಿಂಪ್ಸನ್ ಗಮನಿಸಿ ವರದಿ ಮಾಡಿದರು. ಕಾಲಿನಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಏರಿತ್ತು. ಅಲುಗಾಡದೆ ನಿಲ್ಲುವುದೂ ಅಲುಗಾಡದೆ ಕೂರುವುದೂ ಕಾಲಿಗೆ ಒಂದೇ. ಗಂಟೆಗೊಮ್ಮೆ ಎದ್ದು ನಡೆಯಿರಿ, ಅದಾಗದಿದ್ದರೆ ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರದೆ ಅಂದೇ ವೈದ್ಯರಲ್ಲಿಗೆ ಹೋಗಿ. ಜೊತೆಗೆ ಉಸಿರುಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಓಡಿ.

ನಮ್ಮ ಸಂಘದ ವೇದಿಕೆಗೆ ಒಂದು ವಿನಂತಿ. ಈ ಸಲದ ರಾಜ್ಯೋತ್ಸವದ ದಿನ ನೋಂದಣಿ ಮೇಜಿನ ಹಿಂದೆ ಮತ್ತು ಅಡುಗೆಮನೆಯ ಒಲೆಯ ಪಕ್ಕದಲ್ಲಿ ತಲಾ ಎರಡು ಕುರ್ಚಿ ಇಡೋಣ. ಬೆಳಗ್ಗೆ ಆರರಿಂದ ನಿಂತಿರುವ ಅಕ್ಕಂದಿರನ್ನು ಸರದಿಯಂತೆ ಕೂರಿಸೋಣ. ಅವರು “ಪರವಾಗಿಲ್ಲ ಬಿಡಿ” ಎನ್ನುತ್ತಾರೆ. ಆಗಲೂ ಕೂರಿಸೋಣ.