ಅರಮನೆಯ ಕಲೆ ಬೀದಿಗಿಳಿದ ಕಾಲ

ಕ್ರಿ.ಶ. 1788ರ ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ತೂಲೋನ್ ಬಂದರಿನಲ್ಲಿ ಹಡಗಿನಿಂದಿಳಿದರು. ಇಂಗ್ಲಿಷರ ವಿರುದ್ಧ ಫ್ರಾನ್ಸಿನ ಸೈನ್ಯದ ನೆರವು ಕೋರುವುದು ಅವರು ಬಂದ ಕಾರ್ಯ. ಹದಿನಾರನೆಯ ಲೂಯಿ ದೊರೆ ಅವರನ್ನು ವರ್ಸಾಯ್ ಅರಮನೆಯಲ್ಲಿ ವೈಭವದಿಂದ ಬರಮಾಡಿಕೊಂಡನು. ನೆರವನ್ನು ಮಾತ್ರ ಕೊಡಲಿಲ್ಲ. ಅವನ ಬೊಕ್ಕಸ ಆಗಲೇ ಬರಿದಾಗುತ್ತ ಬಂದಿತ್ತು. ರಾಯಭಾರಿಗಳಲ್ಲೊಬ್ಬನಾದ ಮುಹಮ್ಮದ್ ದರ್ವೇಶ್ ಖಾನನ ಆಳೆತ್ತರದ ಚಿತ್ರವನ್ನು ರಾಣಿ ಮರಿ ಆಂತ್ವಾನೆತಳ ಮೆಚ್ಚಿನ ಚಿತ್ರಗಾರ್ತಿ ಎಲಿಜಬೆತ್ ವಿಜೇ ಲೆಬ್ರೂನ್ ಬರೆದಳು. ಮರುವರ್ಷ ಆ ಚಿತ್ರ ಲೂವ್ರ್ ಅರಮನೆಯ ಸಲೋನ್ ಪ್ರದರ್ಶನದ ಗೋಡೆಯೇರುವ ಹೊತ್ತಿಗೆ ಬ್ಯಾಸ್ಟಿಲ್ ಸೆರೆಮನೆ ಉರುಳಿ, ಫ್ರಾನ್ಸಿನ ಕ್ರಾಂತಿ ಶುರುವಾಗಿ ಕೆಲವೇ ವಾರಗಳಾಗಿದ್ದವು.

ಅದೇ ಪ್ರದರ್ಶನದಲ್ಲಿ ಜಾಕ್ ಲೂಯಿ ದಾವಿದ್ ಬರೆದ ಬ್ರೂಟಸನ ಚಿತ್ರವೂ ಇತ್ತು. ರೋಮಿನ ಅರಸೊತ್ತಿಗೆಯನ್ನು ಕಿತ್ತು ಗಣರಾಜ್ಯ ಕಟ್ಟಿದ ಬ್ರೂಟಸ್, ಪಿತೂರಿಗೆ ಸೇರಿದ ತನ್ನ ಮಕ್ಕಳಿಗೇ ಮರಣದಂಡನೆ ವಿಧಿಸಿ, ಅವರ ಶವಗಳು ಮನೆಗೆ ಬರುವಾಗ ನೆರಳಿನಲ್ಲಿ ಮೌನವಾಗಿ ಕುಳಿತ ದೃಶ್ಯವದು. ಬರೆಯಿಸಿದ್ದು ಅರಮನೆ, ಅದರಲ್ಲಿ ತಮ್ಮ ಕಾಲದ ಕಥೆಯನ್ನು ಓದಿಕೊಂಡವರು ಪ್ಯಾರಿಸಿನ ಜನ. ಆ ಅಕ್ಟೋಬರಿನಲ್ಲಿ ಲೆಬ್ರೂನ್ ಪುಟ್ಟ ಮಗಳೊಡನೆ ದೇಶ ಬಿಟ್ಟಳು. ದಾವಿದನು ಉಳಿದನು, ಮುಂದೆ ಜನಪ್ರತಿನಿಧಿಯಾಗಿ, 1793ರ ಜನವರಿಯಲ್ಲಿ ದೊರೆಯ ಮರಣದಂಡನೆಯ ಪರವಾಗಿ ಮತ ಹಾಕಿದನು.

ಆ ವರ್ಷದ ಆಗಸ್ಟ್ 8ರಂದು ರಾಜಾಶ್ರಯದ ಚಿತ್ರಕಲಾ ಅಕಾಡೆಮಿ ರದ್ದಾಯಿತು. ಎರಡು ದಿನ ಕಳೆದು ಲೂವ್ರ್ ಸಾರ್ವಜನಿಕ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಅರಸರು ಕೂಡಿಟ್ಟ ಚಿತ್ರಗಳು, ಚರ್ಚುಗಳಿಂದ ವಶಪಡಿಸಿಕೊಂಡ ಚಿತ್ರಗಳು ರಾಷ್ಟ್ರದ ಸ್ವತ್ತಾದವು.

ಇದಕ್ಕೂ ಮುನ್ನ, ಜುಲೈ 13ರಂದು, ಕ್ರಾಂತಿಯ ಉಗ್ರ ಪತ್ರಕರ್ತ ಮರಾ ತನ್ನ ಸ್ನಾನದ ತೊಟ್ಟಿಯಲ್ಲಿಯೇ ಶಾರ್ಲೆಟ್ ಕೋರ್ಡೆ ಎಂಬ ತರುಣಿಯ ಚೂರಿಗೆ ಬಲಿಯಾಗಿದ್ದನು. ದಾವಿದನು ಬರೆದ ಆ ಸಾವಿನ ಚಿತ್ರದಲ್ಲಿ ದೇವತೆಗಳಿಲ್ಲ, ಕಿರೀಟವಿಲ್ಲ. ಜೋತುಬಿದ್ದ ತೋಳು, ಕೈಯಲ್ಲೊಂದು ಕಾಗದ, ಬದಿಯಲ್ಲಿ ಒರಟು ಮರದ ಪೆಟ್ಟಿಗೆ, ಮೇಲೆಲ್ಲ ಖಾಲಿ ಗೋಡೆ. ಸಂತರಿಗೂ ಅರಸರಿಗೂ ಮೀಸಲಾಗಿದ್ದ ಗಾಂಭೀರ್ಯ ಒಬ್ಬ ಪತ್ರಕರ್ತನ ಹೆಣಕ್ಕೆ ದೊರಕಿತು. ಈ ಚಿತ್ರವನ್ನು ಬರೆದ ಕೈಯೇ ಕ್ರಾಂತಿ ಸರ್ಕಾರದ ಭದ್ರತಾ ಸಮಿತಿಯ ಬಂಧನದ ಆಜ್ಞೆಗಳಿಗೂ ಸಹಿ ಹಾಕುತ್ತಿತ್ತೆಂಬುದನ್ನು ಮರೆಯುವಂತಿಲ್ಲ.

ಸಂಗೀತದ ಪಾಡೂ ಬದಲಾಯಿತು. ದರ್ಬಾರಿನ ಪಡಸಾಲೆಗೆ ಪಿಟೀಲಿನ ಮೆಲುದನಿ ಸಾಕಿತ್ತು. ಬಯಲಲ್ಲಿ ನೆರೆದ ಸಾವಿರಾರು ಜನರನ್ನು ಮುಟ್ಟಲು ತುತ್ತೂರಿ, ಕೊಂಬು, ನಗಾರಿಗಳೇ ಬೇಕಾದವು. 1791ರಲ್ಲಿ ಜನನಾಯಕ ಮಿರಾಬೋ ತೀರಿಕೊಂಡಾಗ ಸಂಗೀತ ರಚನೆಕಾರ ಗೊಸ್ಸೆಕ್ ರಚಿಸಿದ್ದ ಶೋಕದ ನಡೆ ಶವಯಾತ್ರೆಯುದ್ದಕ್ಕೂ ಮೊಳಗಿತು. ಅದರ ನಡುವೆ ದೊಡ್ಡ ಜಾಗಟೆಯ ಪೆಟ್ಟು ಕೇಳಿದ ಜನ ನಡುಗಿದರು. 1792ರ ಏಪ್ರಿಲಿನಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ರೂಜೇ ದ ಲೀಲ್ ಎಂಬ ಸೇನಾಧಿಕಾರಿ ಕಟ್ಟಿದ ಹಾಡನ್ನು ಮಾರ್ಸೇಯಿನ ಸ್ವಯಂಸೇವಕರು ಹಾಡುತ್ತ ಪ್ಯಾರಿಸಿಗೆ ಬಂದರು; ಮಾರ್ಸೇಯಿನ ಹೆಸರೇ ಹಾಡಿಗೆ ನಿಂತಿತು. 1794ರ ಜೂನ್ 8ರ ಪರಮಾತ್ಮನ ಉತ್ಸವಕ್ಕೆ ದಾವಿದನು ಕೃತಕ ಬೆಟ್ಟವನ್ನೇ ಎಬ್ಬಿಸಿದನು, ಗೊಸ್ಸೆಕನು ಸ್ತುತಿಗೀತೆಗೆ ಸ್ವರ ಹಾಕಿದನು. ಇಂಥ ಉತ್ಸವಗಳಿಗೆ ವಾದಕರನ್ನು ಸಿದ್ಧಪಡಿಸುತ್ತಿದ್ದ ಪಾಠಶಾಲೆಯೇ 1795ರಲ್ಲಿ ಕಾನ್ಸರ್ವತ್ವಾರ್ ಎಂಬ ರಾಷ್ಟ್ರೀಯ ಸಂಗೀತ ವಿದ್ಯಾಲಯವಾಯಿತು. ಹುಡುಗರು, ಹುಡುಗಿಯರು ಸೇರಿ 600 ಮಂದಿಗೆ ಶುಲ್ಕವಿಲ್ಲದೆ ಕಲಿಸಬೇಕೆಂದು ಕಾನೂನು ವಿಧಿಸಿತು.

ಈ ನಾದ ಗಡಿ ದಾಟಿತು. ವಿಯೆನ್ನಾದಲ್ಲಿದ್ದ ಬೀಥೋವನ್ 1803ರಲ್ಲಿ ತನ್ನ ಮೂರನೆಯ ಸಿಂಫನಿಗೆ ಕೈಹಚ್ಚಿದಾಗ ಫ್ರಾನ್ಸಿನ ದಳಪತಿ ಬೊನಪಾರ್ಟನ ಹೆಸರು ಅವನ ಮನಸ್ಸಿನಲ್ಲಿತ್ತು. ಅದರ ಎರಡನೆಯ ಭಾಗ ಶವಯಾತ್ರೆಯ ನಡೆಯೇ. ಗಣರಾಜ್ಯದ ದಳಪತಿ ಚಕ್ರವರ್ತಿಯೆಂದು ಘೋಷಿಸಿಕೊಂಡ ಸುದ್ದಿ 1804ರಲ್ಲಿ ಕಿವಿಗೆ ಬಿದ್ದಾಗ ಬೀಥೋವನ್ ಕೆರಳಿ ಹೆಸರಿದ್ದ ಹಾಳೆಯನ್ನು ಹರಿದನೆಂದು ಶಿಷ್ಯ ರೀಸ್ ಬರೆದಿದ್ದಾನೆ. ವಿಯೆನ್ನಾದಲ್ಲಿ ಉಳಿದಿರುವ ಪ್ರತಿಯೊಂದರ ಮುಖಪುಟದಲ್ಲಿ ಹೆಸರನ್ನು ಕೆರೆದ ರಭಸಕ್ಕೆ ಕಾಗದವೇ ತೂತಾಗಿದೆ. ಅತ್ತ ದಾವಿದನು ಅದೇ ಚಕ್ರವರ್ತಿಯ ಪಟ್ಟಾಭಿಷೇಕವನ್ನು ಹತ್ತು ಮೀಟರಿಗೆ ಸಮೀಪದ ಅಗಲದ ಬಟ್ಟೆಯ ಮೇಲೆ ಬರೆಯುತ್ತಿದ್ದನು. ಸಮಾರಂಭಕ್ಕೆ ಬಾರದಿದ್ದ ರಾಜಮಾತೆಯನ್ನೂ ನಡುವೆ ಕುಳ್ಳಿರಿಸಿದನು.

ಚಕ್ರವರ್ತಿ ಬಿದ್ದನು, ಹಳೆಯ ರಾಜವಂಶ ಮರಳಿತು. ದೇಶ ಬಿಡಬೇಕಾಗಿ ಬಂದ ದಾವಿದನು 1825ರಲ್ಲಿ ಬ್ರಸೆಲ್ಸಿನಲ್ಲಿ ಕಣ್ಮುಚ್ಚಿದನು. ಆದರೆ ಮರಳಿ ಬಂದ ಅರಸರಿಂದ ಲೂವ್ರನ್ನು ತಮ್ಮ ಖಾಸಗಿ ಭಂಡಾರವಾಗಿಸುವುದು ಆಗಲಿಲ್ಲ. ಸಂಗೀತ ವಿದ್ಯಾಲಯಕ್ಕೆ ಕೆಲಕಾಲ ಬೇರೆ ಹೆಸರಿಟ್ಟರೂ ಅದು ಉಳಿಯಿತು. ಕ್ರಾಂತಿ ಬರೆಯಿಸಿದ ಸ್ತುತಿಗೀತೆಗಳಲ್ಲಿ ಬಹುಪಾಲು ಇಂದು ಯಾರಿಗೂ ನೆನಪಿಲ್ಲ. ಅದು ಕಟ್ಟಿದ ಸಂಸ್ಥೆಗಳು ನಿಂತವು. ಕಲೆಗೆ ಅದು ಕೊಟ್ಟ ನಿಜವಾದ ಕೊಡುಗೆ ಇದೇ. 1828ರ ಮಾರ್ಚ್ 9ರಂದು ಕಾನ್ಸರ್ವತ್ವಾರಿನ ವಾದ್ಯವೃಂದ ತನ್ನ ಮೊಟ್ಟಮೊದಲ ಕಛೇರಿಯನ್ನು ಆರಂಭಿಸಿದ್ದು ಬೀಥೋವನ್ನನ ಅದೇ ಮೂರನೆಯ ಸಿಂಫನಿಯಿಂದ. ಆಗ ಫ್ರಾನ್ಸಿನ ಸಿಂಹಾಸನದ ಮೇಲಿದ್ದವನು, ಕ್ರಾಂತಿ ತಲೆ ತೆಗೆಸಿದ ಲೂಯಿಯ ಸ್ವಂತ ತಮ್ಮ.